ಫಿಟ್ಸ್ ಮಾತ್ರೆಯ ಮಟ್ಟ ಅಳೆಯಲು ಹಳೇ ಎಚ್‌ಪಿಎಲ್‌ಸಿಯೇ ಸಾಕು

ಫಿಟ್ಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಎಂದು ಎಚ್‌ಪಿಎಲ್‌ಸಿಯಲ್ಲಿ (ದ್ರವದಲ್ಲಿ ಬೆರೆತ ವಸ್ತುಗಳನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಳೆಯುವ ಯಂತ್ರ) ನೋಡಲು ಹೊರಟಾಗ, ಸೀರಂ ಅನ್ನು ಬರೀ ಅಸಿಟೋನೈಟ್ರೈಲ್‌ನಲ್ಲಿ ಒಡೆದು (ಪ್ರೋಟೀನ್ ಬೇರ್ಪಡಿಸಿ) ಯುವಿಯಲ್ಲಿ ನೋಡಿದರೆ ಕಸವೇ ಕಾಣುತ್ತದೆ, ಸುಮ್ಮನೆ ರೆಡಿಮೇಡ್ ಪರೀಕ್ಷಾ ಕಿಟ್ ತರಿಸಿ ಎಂದವರೇ ಹೆಚ್ಚು. ಬೆರಳೆಣಿಕೆಯ ಸ್ಯಾಂಪಲ್ ಬರುವ ಲ್ಯಾಬಿನಲ್ಲಿ ಕಿಟ್ ಅರ್ಧ ಖರ್ಚಾಗುವ ಮೊದಲೇ ಎಕ್ಸ್‌ಪೈರಿ ಆಗುತ್ತದೆ. ಈಗ ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪೀನ್ ಎಂಬ ಮೂರೂ ಫಿಟ್ಸ್ ಔಷಧಿಗಳು ಒಂದೇ ರನ್‌ನಲ್ಲಿ, ಹದಿನೈದು ನಿಮಿಷದೊಳಗೆ ಬೇರೆಬೇರೆಯಾಗಿ ಬರುತ್ತಿವೆ.

200 ಮೈಕ್ರೋಲೀಟರ್ ಸೀರಂಗೆ ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಗೊತ್ತಿರುವ ಪ್ರಮಾಣದಲ್ಲಿ ಹಾಕುವ, ಫೆನಿಟಾಯಿನ್ ಹೋಲುವ ಎಂಪಿಪಿಎಚ್) ಬೆರೆಸಿದ ಅಸಿಟೋನೈಟ್ರೈಲ್ 400 ಮೈಕ್ರೋಲೀಟರ್. ಒಂದು ನಿಮಿಷ ವೋರ್ಟೆಕ್ಸ್, 10,000 ಆರ್‌ಪಿಎಂನಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್. ಎಲ್ಲರೂ ಸೋಲುವುದು ಇದರ ಮುಂದಿನ ಹಂತದಲ್ಲಿ. ಮೇಲಿನ ತಿಳಿಯನ್ನು ಹಾಗೇ ಇಂಜೆಕ್ಟ್ ಮಾಡಿದರೆ ಮೊದಲು ಬರುವ ಫಿನೋಬಾರ್ಬಿಟೋನ್ ಪೀಕ್ (ಚಾರ್ಟಿನಲ್ಲಿ ಔಷಧಿಯ ಗುರುತಾಗಿ ಏಳುವ ಶಿಖರ) ಅಗಲವಾಗಿ ಎರಡಾಗಿ ಸೀಳುತ್ತದೆ. ಸ್ಯಾಂಪಲ್‌ನಲ್ಲಿ ಅಸಿಟೋನೈಟ್ರೈಲ್ ಮೂರರಲ್ಲಿ ಎರಡು ಪಾಲು, ಮೊಬೈಲ್ ಫೇಸ್‌ನಲ್ಲಿ (ಕಾಲಮ್ ಮೂಲಕ ಹರಿಸುವ ದ್ರಾವಣ) ಶೇ 30ರ ಆಸುಪಾಸು. ತೊಂದರೆ ಅಲ್ಲೇ ಇದೆ. ತಿಳಿಗೆ ಅಷ್ಟೇ ನೀರು ಸೇರಿಸಿ 20 ಮೈಕ್ರೋಲೀಟರ್ ಹಾಕಿ, ಪೀಕ್ ಸೂಜಿಯಂತೆ ನಿಲ್ಲುತ್ತದೆ.

ಕಾಲಮ್ ಮಾಮೂಲಿ ಸಿ-18, 250 ಮಿಮೀ, 5 ಮೈಕ್ರಾನ್. ಪಿಎಚ್ 3ರ ಫಾಸ್ಫೇಟ್ ಬಫರ್, 210 ನ್ಯಾನೋಮೀಟರ್, ನಿಮಿಷಕ್ಕೆ 1 ಮಿಲೀ. ರನ್ನಿಗೆ ಅಸಿಟೋನೈಟ್ರೈಲ್ ಐದು ಮಿಲೀ ಕೂಡ ಹೋಗುವುದಿಲ್ಲ, ಲೀಟರ್‌ಗೆ ಇನ್ನೂರು ರನ್. ಅಗ್ಗವೆಂದು ಮೆಥನಾಲ್ ಮಾತ್ರ ಹಾಕಿದರೆ ಪ್ರೆಷರ್ ಏರುತ್ತದೆ. 205 ನ್ಯಾನೋಮೀಟರ್ ಕೆಳಗೆ ಮೆಥನಾಲ್ ತಾನೇ ಬೆಳಕನ್ನು ನುಂಗುವುದರಿಂದ 210ರಲ್ಲೂ ಬೇಸ್‌ಲೈನ್ ನೆಟ್ಟಗಿರುವುದಿಲ್ಲ. ಫೆನಿಟಾಯಿನ್ ಮತ್ತು ಕಾರ್ಬಮಜೆಪೀನ್ ಒಂದರ ಬೆನ್ನಿಗೊಂದು ಬರುತ್ತವೆ. ಅವನ್ನು ಬಿಡಿಸಲು ಕಾಲಮ್ ಓವನ್ ತಾಪಮಾನದ ಜೊತೆ ಬಫರ್‌ನಲ್ಲಿ ಒಂದು ಸಣ್ಣ ಕೈಚಳಕ ಇದೆ, ಅದು ನಮ್ಮಲ್ಲೇ ಇರಲಿ. 40 ಡಿಗ್ರಿಯಿಂದ ಶುರು ಮಾಡಿದವರಿಗೆ ತಾನೇ ಸಿಗುತ್ತದೆ.

ಸ್ಟ್ಯಾಂಡರ್ಡ್ ತೂಗುವಾಗ ಬಾಟಲಿಯ ಲೇಬಲ್ ನೋಡಿ. ಫೆನಿಟಾಯಿನ್ ಸೋಡಿಯಂ ಆದರೆ 0.92ರಿಂದ ಗುಣಿಸಬೇಕು, ಇಲ್ಲದಿದ್ದರೆ ಪ್ರತಿ ರಿಪೋರ್ಟೂ ಶೇ 8–9 ಹೆಚ್ಚು. ಮಿಲೀಗೆ 10–20 ಮೈಕ್ರೋಗ್ರಾಂ ಎಂಬ ಇಕ್ಕಟ್ಟಿನ ಮಿತಿಯಲ್ಲಿ ಇದು ಸಣ್ಣ ತಪ್ಪಲ್ಲ. ಆ ಮಟ್ಟದಲ್ಲಿ ಡೋಸ್ ಸ್ವಲ್ಪ ಬದಲಿಸಿದರೂ ರಕ್ತದಲ್ಲಿ ದೊಡ್ಡ ಜಿಗಿತವಾಗುತ್ತದೆ.

ರಕ್ತ ತೆಗೆಯಲು ಜೆಲ್ ಟ್ಯೂಬ್ (ಸೀರಂ ಬೇರ್ಪಡಿಸುವ ಜೆಲ್ ಇರುವ ಟ್ಯೂಬ್) ಬೇಡವೇ ಬೇಡ. ಒಂದೇ ರಕ್ತವನ್ನು ಪ್ಲೇನ್ ಟ್ಯೂಬ್‌ನಲ್ಲೂ ಜೆಲ್ ಟ್ಯೂಬ್‌ನಲ್ಲೂ ರಾತ್ರಿಯಿಡೀ ಇಟ್ಟು ನೋಡಿದೆವು. ಜೆಲ್‌ನಲ್ಲಿ ಫೆನಿಟಾಯಿನ್ ಇಳಿದಿತ್ತು, ಟ್ಯೂಬ್ ಅರ್ಧ ಮಾತ್ರ ತುಂಬಿದ್ದಾಗ ಇನ್ನೂ ಜಾಸ್ತಿ. ಜೆಲ್ ಔಷಧಿಯನ್ನು ಹೀರುತ್ತದೆ. ಬೆಳಗಿನ ಮಾತ್ರೆಗೆ ಮುಂಚೆ, ಪ್ಲೇನ್ ಟ್ಯೂಬ್‌ನಲ್ಲೇ ತೆಗೆಯಿರಿ.

ಮಕ್ಕಳಿಗೆ ಸೂಜಿ ತಪ್ಪಿಸಲು ಜೊಲ್ಲಿನಲ್ಲೂ ಪ್ರಯತ್ನಿಸಿದೆವು. ಅದರಲ್ಲಿ ಬರುವುದು ಪ್ರೋಟೀನಿಗೆ ಅಂಟದ ಭಾಗ ಮಾತ್ರ, ಫೆನಿಟಾಯಿನ್ ರಕ್ತದ ಹತ್ತನೇ ಒಂದು ಪಾಲು. ಅರ್ಧ ಮಿಲೀ ತೆಗೆದು ಒಣಗಿಸಿ ಸಾಂದ್ರ ಮಾಡಿದರೆ ಪೀಕ್ ಕಾಣುತ್ತದೆ. ಆದರೆ ಸಿರಪ್ ಕುಡಿದ ಬಾಯಲ್ಲಿ ಲೆಕ್ಕವೆಲ್ಲ ಕೆಡುತ್ತದೆ, ಮುಂದಿನ ಡೋಸ್‌ಗೆ ಮುಂಚೆ ಬಾಯಿ ಮುಕ್ಕಳಿಸಿಯೇ ಸಂಗ್ರಹಿಸಬೇಕು.

ಇನ್ನೊಂದು ಫಿಟ್ಸ್ ಔಷಧಿ ವಾಲ್ಪ್ರೋಯೇಟ್ ಈ ವಿಧಾನಕ್ಕೆ ಬಗ್ಗುವುದಿಲ್ಲ. ಯುವಿ ಹಿಡಿಯುವಂಥ ಕ್ರೋಮೋಫೋರ್ ಅದರಲ್ಲಿಲ್ಲ, ಅದಕ್ಕೊಂದಕ್ಕೆ ಕಿಟ್ ಇಟ್ಟುಕೊಂಡಿದ್ದೇವೆ. ಆದರೂ ಕಾರ್ಬಮಜೆಪೀನ್ ಜೊತೆ ವಾಲ್ಪ್ರೋಯೇಟ್ ತೆಗೆದುಕೊಳ್ಳುವವರಲ್ಲಿ ಫೆನಿಟಾಯಿನ್ ಜಾಗಕ್ಕಿಂತ ಮುಂಚೆ ಎಪಾಕ್ಸೈಡ್ (ಕಾರ್ಬಮಜೆಪೀನ್ ದೇಹದಲ್ಲಿ ಬದಲಾಗಿ ಆಗುವ ವಸ್ತು) ಪೀಕ್ ಎದ್ದು ಕಾಣುತ್ತದೆ. ಕೆಲವು ಕಿಟ್‌ಗಳು ಅದನ್ನೂ ಕಾರ್ಬಮಜೆಪೀನ್ ಎಂದೇ ಎಣಿಸುತ್ತವೆ. ನಮ್ಮ ಚಾರ್ಟಿನಲ್ಲಿ ಎರಡನ್ನೂ ಬೇರೆಯಾಗಿ ನೋಡಬಹುದು.