ಉಲ್ಲೇಖಗಳನ್ನು ನಾನು ಸರಿಪಡಿಸಿಕೊಂಡ ಬಗೆ

ನನ್ನ ಮಹಾಪ್ರಬಂಧದ ಎರಡನೆಯ ಅಧ್ಯಾಯವನ್ನು ಮಾರ್ಗದರ್ಶಕರು ಹಿಂದಿರುಗಿಸಿದಾಗ ಅಂಚಿನಲ್ಲಿ ಹನ್ನೊಂದು ಕಡೆ ಒಂದೇ ಪ್ರಶ್ನೆ ಇತ್ತು: "ಯಾವ ಪುಟ?" ಒಂದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಓದುವಾಗ ಹಿಡಿಸಿದ ಸಾಲುಗಳನ್ನು ಲೇಖಕರ ಹೆಸರಿನೊಂದಿಗೆ ಬರೆದಿಟ್ಟುಕೊಂಡಿದ್ದೆ. ಪುಟವನ್ನು ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದೆ. ಹಾಗೆ ನೋಡಲು ಕುಳಿತಾಗ ಮೂರು ವಾರ ಹಿಡಿಯಿತು.

ಆ ಮೂರು ವಾರಗಳಲ್ಲಿ ಪುಟಸಂಖ್ಯೆಗಿಂತ ದೊಡ್ಡ ತಪ್ಪೊಂದು ಸಿಕ್ಕಿತು. ಒಂದು ಉದ್ಧರಣೆಯನ್ನು ನಾನು ಮೂಲ ಪುಸ್ತಕದಿಂದ ತೆಗೆದುಕೊಂಡಿರಲೇ ಇಲ್ಲ. ಬೇರೊಬ್ಬರ ಲೇಖನದಲ್ಲಿ ಕಂಡದ್ದನ್ನು ಎತ್ತಿಕೊಂಡು, ಮೂಲವನ್ನೇ ಓದಿದಂತೆ ಆಕರಸೂಚಿಗೆ ಸೇರಿಸಿದ್ದೆ. ಮೂಲವನ್ನು ತೆರೆದು ನೋಡಿದರೆ ಮುಂದಿನ ವಾಕ್ಯ "ಆದರೆ" ಎಂದು ಆರಂಭವಾಗುತ್ತಿತ್ತು. ನಾನು ಲೇಖಕರ ಅಭಿಪ್ರಾಯವೆಂದು ತೋರಿಸಿದ್ದನ್ನು ಅವರು ಅಲ್ಲಿ ಖಂಡಿಸಲೆಂದೇ ಎತ್ತಿಕೊಂಡಿದ್ದರು. ನನ್ನ ವಾದದ ಒಂದು ಇಡೀ ಪ್ಯಾರಾ ಬಿದ್ದುಹೋಯಿತು. ಅಂದಿನಿಂದ ಮೂಲ ಕೈಗೆ ಸಿಗದಿದ್ದರೆ ಹಾಗೆಂದೇ ಬರೆಯುತ್ತೇನೆ: ಪಠ್ಯದಲ್ಲಿ ಮೂಲ ಲೇಖಕರ ಹೆಸರು, ಜೊತೆಗೆ "ಇಂಥವರಲ್ಲಿ ಉಲ್ಲೇಖಿತ" ಎಂಬ ಮಾತು, ಆಕರಸೂಚಿಯಲ್ಲಿ ನಾನು ನಿಜವಾಗಿ ಓದಿದ ಕೃತಿ ಮಾತ್ರ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್) ರೂಪಿಸಿದ ಉಲ್ಲೇಖ ಶೈಲಿಯ ನಿಯಮವೂ ಇದೇ.

ನನ್ನ ಟಿಪ್ಪಣಿಗಳಲ್ಲಿ ಇನ್ನೊಂದು ಗೊಂದಲವಿತ್ತು. ಯಾವುದು ಲೇಖಕರ ಮಾತು, ಯಾವುದು ನನ್ನ ಮಾತಿನಲ್ಲಿ ಬರೆದ ಸಾರಾಂಶ ಎಂಬುದು ಎಂಟು ತಿಂಗಳ ನಂತರ ನನಗೇ ಗುರುತು ಸಿಗಲಿಲ್ಲ. ಕದಿಯುವ ಉದ್ದೇಶವಿಲ್ಲದವರೂ ಕೃತಿಚೌರ್ಯದ ಆರೋಪಕ್ಕೆ ಸಿಕ್ಕಿಬೀಳುವುದು ಹೀಗೆಯೇ. ಈಗ ನಕಲು ಮಾಡಿದ ಸಾಲಿಗೆ ಅಲ್ಲೇ ಉದ್ಧರಣ ಚಿಹ್ನೆ ಹಾಕಿ, ಪಕ್ಕದಲ್ಲೇ ಪುಟಸಂಖ್ಯೆ ಬರೆದು ಮುಂದುವರಿಯುತ್ತೇನೆ. ನನ್ನ ಆಲೋಚನೆಗಳಿಗೆ ಬೇರೆ ಬಣ್ಣದ ಶಾಯಿ.

ಶೈಲಿಯ ವಿಷಯದಲ್ಲಿ ನಾನು ಕಲಿತದ್ದು, ಮೊದಲು ಯಾವ ಆವೃತ್ತಿ ಎಂದು ಕೇಳಬೇಕು ಎಂಬುದು. ಎಪಿಎ ಆರನೆಯ ಆವೃತ್ತಿಯ ಹಳೆಯ ಕೈಪಿಡಿ ನೋಡಿ ನಾನು ಪ್ರತಿ ಪುಸ್ತಕಕ್ಕೂ ಪ್ರಕಾಶನದ ಊರನ್ನು ಹುಡುಕಿ ಬರೆದಿದ್ದೆ. 2019ರಲ್ಲಿ ಬಂದ ಏಳನೆಯ ಆವೃತ್ತಿ ಅದನ್ನು ಕೈಬಿಟ್ಟಿದೆ. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಪಠ್ಯದೊಳಗೆ ಮೊದಲ ಸಲದಿಂದಲೇ ಮೊದಲ ಹೆಸರು ಮತ್ತು "ಇತರರು" ಸಾಕು. ಆದರೆ ಆಕರಸೂಚಿಯಲ್ಲಿ ಇಪ್ಪತ್ತು ಮಂದಿಯವರೆಗೆ ಎಲ್ಲರ ಹೆಸರೂ ಬರಬೇಕು. ನಲವತ್ತು ಅಥವಾ ಹೆಚ್ಚು ಪದಗಳ ಉದ್ಧರಣೆಗೆ ಉದ್ಧರಣ ಚಿಹ್ನೆ ಬೇಡ, ಅದನ್ನು ಅರ್ಧ ಇಂಚು ಒಳಗೆ ಸರಿಸಿ ಪ್ರತ್ಯೇಕ ಪ್ಯಾರಾ ಮಾಡಬೇಕು. ಲೇಖನ ಕಳಿಸುವ ಸಂಶೋಧನಾ ಪತ್ರಿಕೆ ತನ್ನದೇ ನಿಯಮ ಕೊಟ್ಟಿದ್ದರೆ ಅದೇ ಅಂತಿಮ.

ಆಕರಗಳನ್ನು ಸಂಗ್ರಹಿಸಿ ಆಕರಸೂಚಿ ಸಿದ್ಧಪಡಿಸುವ ಝೊಟೆರೊ ತಂತ್ರಾಂಶವನ್ನು ಬಳಸಲು ಆರಂಭಿಸಿದ ಮೇಲೆ ಕೈಕೆಲಸ ಬಹಳ ಕಡಿಮೆಯಾಯಿತು. ಡಿಒಐ, ಅಂದರೆ ಪ್ರಕಟಿತ ಲೇಖನವನ್ನು ಗುರುತಿಸುವ ಡಿಜಿಟಲ್ ಸಂಖ್ಯೆ, ಕೊಟ್ಟರೆ ಅದು ವಿವರಗಳನ್ನು ತಾನೇ ತುಂಬಿಕೊಳ್ಳುತ್ತದೆ. ಆದರೆ ತುಂಬಿದ್ದನ್ನೆಲ್ಲ ನಂಬಬಾರದು. ಒಮ್ಮೆ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೊಂದು ನನ್ನ ಪಟ್ಟಿಯಲ್ಲಿ "ಆರ್ಗನೈಸೇಶನ್, ಡಬ್ಲ್ಯು. ಎಚ್." ಎಂಬ ವ್ಯಕ್ತಿಯ ಕೃತಿಯಾಗಿ ಕಾಣಿಸಿಕೊಂಡಿತು. ಸಂಸ್ಥೆಯೇ ಲೇಖಕನಾಗಿದ್ದಾಗ ಹೆಸರನ್ನು ಎರಡು ಭಾಗ ಮಾಡದೆ ಒಂದೇ ಅಂಕಣದಲ್ಲಿ ಇಡಬೇಕು; ಹೆಸರಿನ ಪಕ್ಕದ ಚಿಕ್ಕ ಗುಂಡಿ ಇರುವುದು ಅದಕ್ಕೇ.

ಪುಟವಿನ್ಯಾಸಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಶೀರ್ಷಿಕೆಗಳನ್ನು ಕೈಯಿಂದ ದಪ್ಪ ಮಾಡದೆ ವರ್ಡ್‌ನ ಹೆಡಿಂಗ್ ಶೈಲಿಗಳನ್ನು ಬಳಸಿ. ಪರಿವಿಡಿ ತಾನಾಗಿಯೇ ಸಿದ್ಧವಾಗುತ್ತದೆ.

ಸಲ್ಲಿಸುವ ಹಿಂದಿನ ದಿನ ಆಕರಸೂಚಿಯನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಕೂರುತ್ತೇನೆ. ಪಠ್ಯದ ಪ್ರತಿ ಉಲ್ಲೇಖಕ್ಕೂ ಪಟ್ಟಿಯಲ್ಲಿ ಒಂದು ಗುರುತು. ಕೊನೆಗೆ ಗುರುತು ಬೀಳದೆ ಉಳಿದ ನಮೂದುಗಳನ್ನು ತೆಗೆದುಹಾಕುತ್ತೇನೆ. ಹೋದ ಸಲ ಹಾಗೆ ಎರಡು ಉಳಿದಿದ್ದವು, ಎರಡೂ ನಾನು ಕೈಬಿಟ್ಟ ಪ್ಯಾರಾಗಳಿಗೆ ಸೇರಿದವು.