ಕಾರವಾರದ ಟುಪೊಲೆವ್: ಮಾಡೆಲ್ ಕಟ್ಟುವವರು ಏನು ಅಳೆಯಬೇಕು, ಯಾವುದನ್ನು ನಂಬಬಾರದು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಪಲ್ ಯುದ್ಧನೌಕೆಯ ಬಳಿ ನಿಂತಿರುವ ನೌಕಾಪಡೆಯ ನಿವೃತ್ತ ವಿಮಾನ ಟುಪೊಲೆವ್ 142ರ (ಟಿಯು-142) ಫೋಟೊಗಳಿಗೆ ಬರವಿಲ್ಲ. ಆದರೆ ಸ್ಕೇಲ್ ಮಾಡೆಲ್ ಮಾಡುವವರ ಕೆಲಸಕ್ಕೆ ಬರುವಂಥವು ಕಡಿಮೆ. ಮೊಬೈಲಿನ ವೈಡ್ ಲೆನ್ಸಿನಲ್ಲಿ ಓರೆಯಾಗಿ ತೆಗೆದ, ಮುಂದೆ ಮನೆಮಂದಿಯೆಲ್ಲ ನಿಂತಿರುವ ಚಿತ್ರದಿಂದ ಎಂಜಿನ್ ಕವಚದ ಬಾಗು ತಿಳಿಯುವುದಿಲ್ಲ.

ಹೊರಡುವ ಮುನ್ನ ಲೆಕ್ಕ ಮುಗಿಸಿಕೊಳ್ಳಿ. ವಿಮಾನದ ಉದ್ದ ಸುಮಾರು 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್, ಪ್ರೊಪೆಲರ್ ವ್ಯಾಸ 5.6 ಮೀಟರ್. 1:72ರಲ್ಲಿ, ಅಂದರೆ ಅಸಲಿನ 72ರಲ್ಲಿ ಒಂದು ಪಾಲಿನ ಮಾಡೆಲಿನಲ್ಲಿ, ಇವು ಕ್ರಮವಾಗಿ 736, 694, 78 ಮಿ.ಮೀ.; 1:144ರಲ್ಲಿ 368, 347, 39 ಮಿ.ಮೀ. ಮನೆಯ ಶೋಕೇಸಿಗೆ 1:144 ಧಾರಾಳವಾಯಿತು. 1:72 ಕಟ್ಟುವ ಆಸೆಯಿದ್ದರೆ ಕಪಾಟು ಮಾಡುವ ಬಡಗಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಜೋಡಿಸುವ ಬಿಡಿಭಾಗಗಳ ಕಿಟ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಓದಿ. ಟಿಯು-95ಎಂಎಸ್ ಎಂದಿದ್ದರೆ ಅದು ಕ್ಷಿಪಣಿ ಹೊರುವ ಬಾಂಬರ್. ಟಿಯು-142ಎಂಆರ್ ಎಂದಿದ್ದರೆ ನೀರೊಳಗಿನ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ ವಿಮಾನ. ಅದರ ಹೊಟ್ಟೆಯಿಂದ ಉದ್ದನೆಯ ಆಂಟೆನಾ ತಂತಿ ಇಳಿಬಿಡುತ್ತಾರೆ. ನಮ್ಮ ನೌಕಾಪಡೆಯದು ಎಂಕೆ-ಇ, ಜಲಾಂತರ್ಗಾಮಿಗಳನ್ನು ಹುಡುಕುವ ಮಾದರಿ. ಬಾಲದ ರೆಕ್ಕೆಯ ನೆತ್ತಿಯಿಂದ ಹಿಂದಕ್ಕೆ ಚಾಚಿರುವ ಕೊಂಬು, ಅಂದರೆ ಕಾಂತಕ್ಷೇತ್ರದ ಏರುಪೇರು ಗುರುತಿಸುವ ಉಪಕರಣ, ಮತ್ತು ಹೊಟ್ಟೆಯಡಿಯ ರಾಡಾರ್ ಗುಮ್ಮಟ ಇದರ ಗುರುತು. ಬೇರೆ ಮಾದರಿಯ ಕಿಟ್ಟನ್ನು ಇದಕ್ಕೆ ತಿರುಗಿಸುವವರು ಈ ಎರಡು ಭಾಗಗಳ ಫೋಟೊಗಳಿಗೇ ಹೆಚ್ಚು ಹೊತ್ತು ಕೊಡಬೇಕು. ಕೊಂಬನ್ನು ಹಿತ್ತಾಳೆ ಕೊಳವೆಯಲ್ಲಿ ಮಾಡಿಕೊಳ್ಳಬಹುದು.

ಅಳತೆಗೆ, ಫೋಟೊದಲ್ಲಿ ಭಾಗದ ಪಕ್ಕ ಹಿಡಿಯಲು ಒಂದು ಮೀಟರ್ ಉದ್ದದ ಪಟ್ಟಿ ಸಾಕು. ಅದಕ್ಕೆ 10 ಸೆಂ.ಮೀ.ಗೊಮ್ಮೆ ಕಪ್ಪು, ಬಿಳಿ ಬಣ್ಣ ಹಚ್ಚಿ. ಪಟ್ಟಿಯನ್ನೂ ಟ್ರೈಪಾಡನ್ನೂ ಒಳಗೆ ಒಯ್ಯುವ ಮುನ್ನ ಕೌಂಟರಿನಲ್ಲಿ ಕೇಳಿಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ. ಕದಂಬ ನೌಕಾನೆಲೆ ಇರುವ ಊರಿದು. ಹೆಚ್ಚಿನವರ ಲೆಕ್ಕ ತಪ್ಪುವುದು ಪಟ್ಟಿ ಹಿಡಿಯುವ ಜಾಗದಲ್ಲಿ. ಅಳೆಯಬೇಕಾದ ಭಾಗ ಕ್ಯಾಮೆರಾದಿಂದ ಎಷ್ಟು ದೂರವಿದೆಯೋ ಪಟ್ಟಿಯೂ ಅಷ್ಟೇ ದೂರವಿರಬೇಕು. ಭಾಗ 10 ಮೀಟರ್ ದೂರದಲ್ಲಿದ್ದು ಪಟ್ಟಿ 9 ಮೀಟರಿನಲ್ಲಿದ್ದರೆ ಲೆಕ್ಕದಲ್ಲಿ ಭಾಗ ಶೇ 10ರಷ್ಟು ಚಿಕ್ಕದಾಗುತ್ತದೆ. 2 ಮೀಟರಿನ ಬಾಗಿಲು 1:72ರಲ್ಲಿ 28 ಮಿ.ಮೀ. ಬರಬೇಕಾದದ್ದು 25ಕ್ಕೆ ಇಳಿಯುತ್ತದೆ, ಅಕ್ಕಪಕ್ಕದ ಪ್ಯಾನಲ್ ಗೆರೆಗಳು ಒಂದಕ್ಕೊಂದು ಕೂಡುವುದೇ ಇಲ್ಲ.

ಮೊಬೈಲಾದರೆ 2ಎಕ್ಸ್ ಅಥವಾ 3ಎಕ್ಸ್ ಲೆನ್ಸಿಗೆ ಹಾಕಿ, ಅಷ್ಟು ಹಿಂದೆ ಸರಿದು, ಭಾಗಕ್ಕೆ ನೇರ ಎದುರಾಗಿ ನಿಂತು ತೆಗೆಯಿರಿ. ಮೂತಿಯಿಂದ ಬಾಲದವರೆಗೆ ಸಾಲಾಗಿ ತೆಗೆಯುವಾಗ ಪ್ರತಿ ಚಿತ್ರದಲ್ಲೂ ಹಿಂದಿನದರ ಮೂರರಲ್ಲಿ ಎರಡು ಪಾಲು ಮತ್ತೆ ಬರಲಿ. ಮುಂದೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕೃತಿ ಕಟ್ಟುವುದಿದ್ದರೆ ಇಷ್ಟು ಬೇಕೇ ಬೇಕು. ಆಕಾರಕ್ಕೆ ಮೋಡ ಕವಿದ ಬೆಳಕು ಒಳ್ಳೆಯದು. ರಿವೆಟ್ ಸಾಲು, ತಗಡಿನ ಅಂಚು ಕಾಣಬೇಕಾದರೆ ಸಂಜೆ ಕಡಲ ಕಡೆಯಿಂದ ಬಿಸಿಲು ಮೈಸವರಿಕೊಂಡು ಬೀಳುವವರೆಗೆ ಕಾಯಬೇಕು. ಆಗ ಗಾಳಿಯೂ ಕಡಲಿನದೇ. ಲೆನ್ಸಿನ ಮೇಲೆ ಕೂತ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಲೆನ್ಸ್ ದ್ರವದಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ.

ಪ್ರೊಪೆಲರ್

ಈ ವಿಮಾನದ ಜೀವವೇ ಇಲ್ಲಿದೆ, ಮಾಡೆಲ್ ಹಾಳಾಗುವುದೂ ಇಲ್ಲೇ. ಸುಮಾರು 15,000 ಅಶ್ವಶಕ್ತಿಯ ಕುಜ್ನೆತ್ಸೊವ್ ಎನ್‌ಕೆ-12 ಎಂಜಿನ್‌ಗಳು ನಾಲ್ಕು. ಪ್ರತಿ ಎಂಜಿನ್ನಿಗೆ ಒಂದರ ಹಿಂದೊಂದು ಎರಡು ಪ್ರೊಪೆಲರ್, ಒಂದೊಂದಕ್ಕೆ ನಾಲ್ಕು ಅಲಗು, ಒಟ್ಟು 32. ಮುಂದಿನದು ಒಂದು ದಿಕ್ಕಿಗೆ ತಿರುಗಿದರೆ ಹಿಂದಿನದು ಅದಕ್ಕೆ ಎದುರು ದಿಕ್ಕಿಗೆ. ಎರಡೂ ಗಾಳಿಯನ್ನು ಹಿಂದಕ್ಕೇ ತಳ್ಳಬೇಕಾದ್ದರಿಂದ ಅಲಗುಗಳ ತಿರುಚು ಒಂದರದ್ದು ಇನ್ನೊಂದಕ್ಕೆ ಕನ್ನಡಿ ಬಿಂಬದಂತೆ ಇರುತ್ತದೆ. ಕಿಟ್ಟಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ಅದಲುಬದಲಾಗುವುದು ಸಾಮಾನ್ಯ. ಚೌಕಟ್ಟಿನಿಂದ ಬಿಡಿಸುವ ಮೊದಲೇ ಹಿಂಭಾಗದಲ್ಲಿ ಪೆನ್ಸಿಲಿನಿಂದ ‘ಮು’, ‘ಹಿ’ ಎಂದು ಗುರುತು ಹಾಕಿ. ಅಲಗಿನ ದುಂಡಗಿನ ದಪ್ಪ ಅಂಚು ತಿರುಗುವ ದಿಕ್ಕಿಗೆ, ತೆಳು ಅಂಚು ಅದರ ಹಿಂದೆ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಎಂಜಿನ್ನನ್ನು ನೇರ ಮುಂದಿನಿಂದ, ನೇರ ಪಕ್ಕದಿಂದ, 45 ಡಿಗ್ರಿಯಿಂದ ಹೀಗೆ ಮೂರು ಚಿತ್ರ ತೆಗೆದರೆ ಸಾಕು.

ನಂಬಬಾರದ್ದು

ತಮಿಳುನಾಡಿನ ಅರಕ್ಕೋಣಂ ನೌಕಾ ವಾಯುನೆಲೆಯಲ್ಲಿ ಕಳಚಿ, ಬಿಡಿಭಾಗಗಳಾಗಿ ರಸ್ತೆಯಲ್ಲಿ ತಂದು, ಇಲ್ಲಿ ಮತ್ತೆ ಜೋಡಿಸಿದ ವಿಮಾನವಿದು. ಹಾಗಾಗಿ ಕಾಣುವ ಗೆರೆಯೆಲ್ಲ ಕಾರ್ಖಾನೆಯ ಗೆರೆಯಲ್ಲ. ಜೋಡಣೆಯ ಗೆರೆಯೆಂಬ ಅನುಮಾನ ಬಂದರೆ, ಹಾರಾಟದ ಕಾಲದ ಚಿತ್ರದಲ್ಲಿ ಅದು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕೆತ್ತಬೇಡಿ. ಬಣ್ಣದ ಮಾತೂ ಹೀಗೆಯೇ. ಪ್ರದರ್ಶನದ ವಿಮಾನದ ಬೂದುಬಣ್ಣವನ್ನು ಸೇವೆಯಲ್ಲಿದ್ದಾಗಿನ ಬಣ್ಣವೆಂದು ಬೆರೆಸಿಕೊಳ್ಳುವಂತಿಲ್ಲ. ಯಾವ ವರ್ಷದ ವಿಮಾನ ಮಾಡುತ್ತೀರೆಂದು ಮೊದಲು ನಿರ್ಧರಿಸಿ: 1988ರಲ್ಲಿ ಗೋವಾದ ದಾಬೋಳಿಗೆ ಬಂದವು, 1992ರಲ್ಲಿ ಅರಕ್ಕೋಣಂಗೆ ಹೋದವು, 2017ರ ಮಾರ್ಚ್ 29ರಂದು ನಿವೃತ್ತಿ. ಆಯಾ ಕಾಲದ ಫೋಟೊ ಹುಡುಕಿ ಸಂಖ್ಯೆ, ಲಾಂಛನ ಹೊಂದಿಸಿಕೊಳ್ಳಿ.

ನಿಲುವೂ ಮೋಸ ಮಾಡುತ್ತದೆ. ಗರಿಷ್ಠ 185 ಟನ್ ಹೊತ್ತು ಏರುತ್ತಿದ್ದ ವಿಮಾನ ಈಗ ಇಂಧನವಿಲ್ಲದೆ ನಿಂತಿದೆ. ಟ್ಯಾಂಕ್ ತುಂಬಿದಾಗ ರೆಕ್ಕೆಯ ತುದಿ ಇನ್ನೂ ಕೆಳಕ್ಕೆ ಜಗ್ಗುತ್ತದೆ, ಚಕ್ರದ ಕಾಲು ಕುಗ್ಗುತ್ತದೆ. ಹಾರಲು ಸಿದ್ಧವಾದ ವಿಮಾನ ತೋರಿಸುವುದಾದರೆ ಇಲ್ಲಿಯ ಎತ್ತರವನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ಕರಾವಳಿಯಲ್ಲಿ ಬಣ್ಣ

ಮಳೆಗಾಲದಲ್ಲಿ ಲ್ಯಾಕರ್ (ಥಿನ್ನರಿನಲ್ಲಿ ಕರಗುವ, ಬೇಗ ಆರುವ ಬಣ್ಣ) ಹೊಡೆಯದಿರುವುದೇ ಕ್ಷೇಮ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಬಣ್ಣದ ಮೇಲೆ ಬಿಳಿ ಮಂಕು ಬರುತ್ತದೆ. ಹೊಡೆಯಲೇಬೇಕಾದರೆ ಮಳೆ ಬಿಟ್ಟ ಮಧ್ಯಾಹ್ನ ನೋಡಿಕೊಂಡು, ಥಿನ್ನರಿಗೆ ಶೇ 10ರಷ್ಟು ರಿಟಾರ್ಡರ್ (ಆರುವುದನ್ನು ನಿಧಾನಿಸುವ ದ್ರವ) ಸೇರಿಸಿ, ತೆಳುವಾಗಿ ಹೊಡೆಯಿರಿ. ಮಂಕು ಬಂದುಬಿಟ್ಟರೆ ಬರಿಯ ಥಿನ್ನರ್ ಮತ್ತು ರಿಟಾರ್ಡರನ್ನು ಹಗುರವಾಗಿ ಒಮ್ಮೆ ಸಿಂಪಡಿಸಿದರೆ ಹೆಚ್ಚಾಗಿ ಹೋಗುತ್ತದೆ. ಕಂಪ್ರೆಸರ್ ಟ್ಯಾಂಕಿನ ನೀರನ್ನು ಪ್ರತಿ ಸಲ ಬಸಿಯಿರಿ, ಪೈಪಿಗೆ ತೇವ ತಡೆಯುವ ಬಟ್ಟಲು ಹಾಕಿ. ಇಲ್ಲದಿದ್ದರೆ ಏರ್‌ಬ್ರಶ್ ಬಣ್ಣದ ನಡುವೆ ನೀರಹನಿ ಉಗುಳುತ್ತದೆ.

ಸಂಖ್ಯೆ, ಲಾಂಛನ ಅಂಟಿಸುವ ಡೆಕಾಲ್ ಹಾಳೆಯನ್ನು ಸಿಲಿಕಾ ಜೆಲ್ ಜೊತೆ ಜಿಪ್ ಚೀಲದಲ್ಲಿಡಿ. ಹಳದಿ ತಿರುಗಿದ್ದರೆ ಚೀಲದ ಸಮೇತ ಕಿಟಕಿ ಗಾಜಿನ ಒಳಮೈಗೆ ಅಂಟಿಸಿ ಕೆಲವು ದಿನ ಬಿಸಿಲು ತಾಗಿಸಿದರೆ ತಿಳಿಯಾಗುತ್ತದೆ. ಆ ಕೆಲಸ ಮೇ ತಿಂಗಳೊಳಗೆ ಮುಗಿಯಲಿ, ಜೂನ್ ಹಿಡಿದರೆ ಬಿಸಿಲಿಗಾಗಿ ಸೆಪ್ಟೆಂಬರ್‌ವರೆಗೆ ಕಾಯಬೇಕಾದೀತು.