ಡೋಸ್ ಏರಿಸೋದಾ, ಎರಡನೇ ಮಾತ್ರೆ ಸೇರಿಸೋದಾ?

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರಿಗೆ ನಾನು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಶುರುವಿನಿಂದಲೇ ದೊಡ್ಡ ಡೋಸಿನಲ್ಲಿ ಕೊಡುತ್ತೇನೆ. ಅಟೊರ್ವಾಸ್ಟ್ಯಾಟಿನ್ 40 ಅಥವಾ 80 ಮಿ.ಗ್ರಾಂ, ಇಲ್ಲವೇ ರೋಸುವಾಸ್ಟ್ಯಾಟಿನ್ 20. ಲಿವರ್ ಕೊಲೆಸ್ಟ್ರಾಲ್ ತಯಾರಿಸಲು ಬೇಕಾದ ಕಿಣ್ವವನ್ನು ಇವು ತಡೆಯುತ್ತವೆ. ಒಳಗೆ ಕೊರತೆ ಬಿದ್ದಾಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು, ಅಂದರೆ ಕೆಟ್ಟ ಕೊಲೆಸ್ಟ್ರಾಲನ್ನು, ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಇಂಥವರಿಗೆ ನನ್ನ ಗುರಿ ಎಲ್‌ಡಿಎಲ್ 55ಕ್ಕಿಂತ (ಮಿ.ಗ್ರಾಂ/ಡೆ.ಲೀ.) ಕೆಳಗೆ. ಆರೆಂಟು ವಾರದ ನಂತರದ ರಿಪೋರ್ಟಿನಲ್ಲಿ ಇನ್ನೂ 75 ಇದ್ದರೆ ಸ್ಟ್ಯಾಟಿನ್ ದುಪ್ಪಟ್ಟು ಮಾಡಿ ಪ್ರಯೋಜನ ಕಡಿಮೆ. ಹಾಗೆ ಮಾಡಿದರೆ ಎಲ್‌ಡಿಎಲ್ ಇನ್ನು ಶೇ. 6ರಷ್ಟು ಇಳಿದೀತು. ಎರಡನೇ ಮಾತ್ರೆಯಾಗಿ ಎಜೆಟಿಮೈಬ್ 10 ಮಿ.ಗ್ರಾಂ ಸೇರಿಸಿದರೆ ಶೇ. 20ರ ಆಸುಪಾಸು ಇಳಿಯುತ್ತದೆ, ಏಕೆಂದರೆ ಅದು ಕೆಲಸ ಮಾಡುವ ಜಾಗವೇ ಬೇರೆ: ಸಣ್ಣ ಕರುಳು.

ಇಲ್ಲಿ ಸಸ್ಯಾಹಾರಿಗಳು ತಪ್ಪದೆ ಕೇಳುತ್ತಾರೆ. “ಡಾಕ್ಟ್ರೇ, ನಾನು ಮೊಟ್ಟೇನೂ ಮುಟ್ಟೋನಲ್ಲ, ಕರುಳಲ್ಲಿ ತಡೆಯೋಕೆ ಏನಿದೆ?” ಪ್ರಶ್ನೆ ಸರಿಯಾಗೇ ಇದೆ. “ತಿಂದದ್ದಷ್ಟೇ ಅಲ್ಲ ಯಜಮಾನ್ರೇ, ನಿಮ್ಮ ಲಿವರ್ರೇ ಪಿತ್ತದ ಜೊತೆ ಕರುಳಿಗೆ ಕೊಲೆಸ್ಟ್ರಾಲ್ ಸುರಿಯುತ್ತೆ. ಅದು ಊಟದಲ್ಲಿ ಬರೋದಕ್ಕಿಂತ ಜಾಸ್ತಿ” ಎನ್ನುತ್ತೇನೆ. ಎಜೆಟಿಮೈಬ್ ಅದು ವಾಪಸ್ ರಕ್ತ ಸೇರದಂತೆ ತಡೆಯುತ್ತದೆ.

ಸ್ಟ್ಯಾಟಿನ್ ಶುರುವಾದ ಮೇಲೆ ಮೈಕೈ ನೋವು ಎಂದವರಿಗೆ ಮೊದಲು ಥೈರಾಯ್ಡ್ ಮತ್ತು ಸಿಪಿಕೆ (ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತ) ಪರೀಕ್ಷೆ. ಥೈರಾಯ್ಡ್ ಕಡಿಮೆಯಿದ್ದರೆ ಸ್ನಾಯು ನೋಯುವುದೂ ಉಂಟು, ಕೊಲೆಸ್ಟ್ರಾಲ್ ಏರುವುದೂ ಉಂಟು. ಎರಡೂ ಸರಿಯಿದ್ದರೆ ಕೆಲವು ವಾರ ಮಾತ್ರೆ ನಿಲ್ಲಿಸಿ, ಬೇರೆ ಸ್ಟ್ಯಾಟಿನ್ ಸಣ್ಣ ಡೋಸಿನಲ್ಲಿ ಶುರುಮಾಡುತ್ತೇನೆ. 2020ರಲ್ಲಿ ಬ್ರಿಟನ್ನಿನ ಸ್ಯಾಮ್ಸನ್ ಅಧ್ಯಯನದಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದ ತಿಂಗಳುಗಳಲ್ಲೂ ಹೆಚ್ಚುಕಡಿಮೆ ಸ್ಟ್ಯಾಟಿನ್ ನುಂಗಿದಾಗಿನಷ್ಟೇ ತೊಂದರೆ ಕಂಡಿತ್ತು. ಹಾಗಂತ ರೋಗಿಯ ಎದುರು ‘ನಿಮ್ಮ ನೋವು ಸುಳ್ಳು’ ಎನ್ನಲಾಗದು, ನೋವಂತೂ ನಿಜ. ಸ್ಟ್ಯಾಟಿನ್ ಒಗ್ಗದೇ ಹೋದವರಿಗೆ ಬೆಂಪೆಡೋಯಿಕ್ ಆಸಿಡ್ ಎಂಬ ಮಾತ್ರೆ ಇದೆ. ಅದು ಲಿವರ್‌ನಲ್ಲಿ ಮಾತ್ರ ಚುರುಕಾಗುತ್ತದೆ, ಸ್ನಾಯುವಿನಲ್ಲಿ ಅಲ್ಲ. ಗೌಟ್ (ಯೂರಿಕ್ ಆಸಿಡ್ ಸೇರಿ ಬರುವ ಕೀಲುನೋವು) ಇದ್ದವರಿಗೆ ಯೋಚಿಸಿ ಕೊಡಬೇಕು, ಯೂರಿಕ್ ಆಸಿಡ್ ಏರಿಸುತ್ತದೆ.

ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 220 ಎಂದಾಕ್ಷಣ ಅದನ್ನಿಳಿಸುವ ಫೆನೋಫೈಬ್ರೇಟ್ ಬರೆಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಮೊದಲು ಕುಡಿತ, ಸಕ್ಕರೆ ಕಾಯಿಲೆ ವಿಚಾರಿಸುತ್ತೇನೆ. 500 ದಾಟಿದರೆ ಮಾತು ಬೇರೆ, ಮೇದೋಜೀರಕ ಗ್ರಂಥಿಯ ಉರಿಯೂತದ ಭಯ. ಅದೇ ಬಗೆಯ ಜೆಮ್‌ಫೈಬ್ರೊಜಿಲ್ ಅನ್ನಂತೂ ಸ್ಟ್ಯಾಟಿನ್ ಜೊತೆ ಕೊಡುವುದೇ ಇಲ್ಲ.

ಎಲ್‌ಡಿಎಲ್ ಇಳಿಸುವ ಇಂಜೆಕ್ಷನ್ನುಗಳ ಮಾತು ಕೊನೆಗೆ, ಬೆಲೆಯ ಕಾರಣಕ್ಕೆ. ಇವೊಲೊಕ್ಯುಮ್ಯಾಬ್ ಎರಡು ವಾರಕ್ಕೊಮ್ಮೆ. ಇನ್‌ಕ್ಲಿಸಿರಾನ್ ಮೊದಲೆರಡು ಡೋಸ್ ಕಳೆದ ಮೇಲೆ ಆರು ತಿಂಗಳಿಗೊಮ್ಮೆ. ಔಷಧಿ ಶುರುಮಾಡುವ ಮುಂಚೆಯೇ ಎಲ್‌ಡಿಎಲ್ 190 ದಾಟಿದ್ದವರಲ್ಲಿ ಇದು ವಂಶದ ತೊಂದರೆ ಇರಬಹುದು. ಅಂಥವರಿಗೆ ಮುಂದಿನ ಸಲ ಮಕ್ಕಳನ್ನೂ ರಕ್ತ ಪರೀಕ್ಷೆಗೆ ಕರೆತರಲು ಚೀಟಿಯಲ್ಲೇ ಬರೆದುಕೊಡುತ್ತೇನೆ.